ಬೀಗದ ಕೈ ಗೊಂಚಲಿನ ಲೋಲಕ

2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿದಾಗ ನನ್ನ ಬಿ.ಎಸ್ಸಿ. ಎರಡನೇ ಸೆಮಿಸ್ಟರ್‌ನವರಿಗೆ ಭೌತಶಾಸ್ತ್ರದ ಅರ್ಧ ಪ್ರಾಕ್ಟಿಕಲ್ ಬಾಕಿಯಿತ್ತು. ನಾನು ಟೈಂಟೇಬಲನ್ನು ಹಾಗೇ ಎತ್ತಿ ಮೊಬೈಲಿಗೆ ಹಾಕಿದೆ. ಬೆಳಿಗ್ಗೆ ಹತ್ತಕ್ಕೆ ಕ್ಲಾಸು, ಒಂದು ತಾಸು ನನ್ನದೇ ಮಾತು. ಮಲೆನಾಡಿನ ಹುಡುಗರು ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಕೂರುತ್ತಿದ್ದರು. ಗುಡುಗು ಮಳೆಗೆ ಕರೆಂಟು ಹೋದರೆ ಟವರೂ ಮಲಗುತ್ತಿತ್ತು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್. ಮನೆಗೊಂದೇ ಫೋನು, ಅದರಲ್ಲೇ ತಮ್ಮನ ಪಾಠವೂ ಆಗಬೇಕು.

ಎರಡು ವಾರ ಹೀಗೆ ಒದ್ದಾಡಿ ವಿಡಿಯೊ ಬಿಟ್ಟೆ. ಡಿರೈವೇಶನ್ನನ್ನು, ಅಂದರೆ ಸೂತ್ರ ಹುಟ್ಟುವ ಹಂತಗಳನ್ನು, ಹಾಳೆಯಲ್ಲಿ ಬರೆದು, ಸಾಲುಗಳಿಗೆ ನಂಬರ್ ಹಾಕಿ ಫೋಟೋ ಕಳಿಸುವುದು. ಜೊತೆಗೆ ಹತ್ತು ನಿಮಿಷದ ವಾಯ್ಸ್ ಮೆಸೇಜು: "ನಾಲ್ಕನೇ ಸಾಲು ನೋಡಿ, ಮೈನಸ್ ಎಲ್ಲಿಂದ ಬಂತು?" ಎಲ್ಲ ಸೇರಿ ಕೆಲವೇ ಎಂಬಿ. ರಾತ್ರಿ ಸಿಗ್ನಲ್ ಬಂದಾಗ ಕೇಳಿಕೊಳ್ಳುತ್ತಿದ್ದರು. ಲೈವ್ ಆಗಿ ಸಿಗುವುದು ಸಂಜೆ ಇಪ್ಪತ್ತು ನಿಮಿಷ, ಅದೂ ಡೌಟಿಗೆ ಮಾತ್ರ.

ಪ್ರಾಕ್ಟಿಕಲ್ ಮಾತ್ರ ಕಗ್ಗಂಟು. ಬಾರ್ ಪೆಂಡುಲಮ್ಮಿಗೆ ಬೇಕಾದ ಕಬ್ಬಿಣದ ಪಟ್ಟಿ ಯಾರ ಮನೆಯಲ್ಲಿದೆ? ಸರಳ ಲೋಲಕಕ್ಕೇ ಇಳಿದೆವು: ಒಂದು ಮೀಟರ್ ದಾರ, ತುದಿಗೆ ಬೀಗದ ಕೈ ಗೊಂಚಲು, ಫೋನಿನ ಸ್ಟಾಪ್‌ವಾಚು. ಇಪ್ಪತ್ತು ಆಂದೋಲನಕ್ಕೆ ನಲವತ್ತು ಸೆಕೆಂಡಿನ ಆಸುಪಾಸು ಬರಬೇಕು.

ಒಬ್ಬ ಹುಡುಗಿಗೆ ನಲವತ್ತೊಂದು ಬಂತು. ದಾರದ ಉದ್ದ, ಸಮಯ ಹಾಕಿ ಲೆಕ್ಕ ಮಾಡಿದರೆ ಗುರುತ್ವ ವೇಗೋತ್ಕರ್ಷ (ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಏರುವ ಪ್ರಮಾಣ) 9.39; ಪುಸ್ತಕದಲ್ಲಿರುವುದು 9.8. "ಸರ್, ಉತ್ತರ ತಪ್ಪು ಬಂದಿದೆ. 9.8 ಅಂತ ಬರೆದುಬಿಡ್ಲಾ?"

ಲ್ಯಾಬಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ಪಕ್ಕದವನ ರೀಡಿಂಗು, ಸೀನಿಯರ್ ರೆಕಾರ್ಡು ನೋಡಿ 9.8 ತರಿಸುತ್ತಾರೆ, ನಾವೂ ಕಣ್ಣು ಮುಚ್ಚಿ ಸಹಿ ಹಾಕುತ್ತೇವೆ. ಈಕೆಗೆ ನಕಲು ಮಾಡಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಫೋಟೋ ತರಿಸಿ ನೋಡಿದೆ. ದಾರವನ್ನು ಗಂಟಿನವರೆಗೆ ಮಾತ್ರ ಅಳೆದಿದ್ದಳು. ಗೊಂಚಲಿನ ತೂಕದ ನಡುಭಾಗ ಗಂಟಿಗಿಂತ ಸುಮಾರು ನಾಲ್ಕು ಸೆಂಟಿಮೀಟರ್ ಕೆಳಗಿತ್ತು. ಉದ್ದ 104 ಎಂದು ಹಾಕಿದಾಗ 9.77. ಅವಳ ಖುಷಿ ವಾಯ್ಸ್ ಮೆಸೇಜಿನಲ್ಲೇ ಕೇಳಿಸಿತು. ದೋಷವಿಶ್ಲೇಷಣೆಯ ಪಾಠ ನಾನು ಬೋರ್ಡಿನ ಮೇಲೆ ಇಷ್ಟು ಚೆನ್ನಾಗಿ ಯಾವತ್ತೂ ಮಾಡಿಲ್ಲ.

ಆ ನವೆಂಬರ್ 17ಕ್ಕೆ ಕಾಲೇಜು ತೆರೆದರೂ ಬರುವುದು ಕಡ್ಡಾಯವಿರಲಿಲ್ಲ; ಬಂದವರನ್ನು ಬ್ಯಾಚ್ ಮಾಡಿದೆವು. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರಿನಂಥ, ಮನೆಯಲ್ಲಿ ಆಗದ ಕೆಲಸಗಳಿಗೆ ಲ್ಯಾಬು. ಡಿರೈವೇಶನ್ ಎಂದಿನಂತೆ ಫೋನಿನಲ್ಲಿ. 2021ರ ಮೇ ತಿಂಗಳಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ತನ್ನ ಕರಡು ಟಿಪ್ಪಣಿಯಲ್ಲಿ ಪ್ರತಿ ಕೋರ್ಸಿನ ಶೇ. 40ರವರೆಗೆ ಆನ್‌ಲೈನ್ ಇರಬಹುದು ಎಂದಿತು. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಗಂಟೆ ಎಣಿಸತೊಡಗಿದರು. ಯಾವ ನಲವತ್ತು ಎಂಬ ಚರ್ಚೆ ಮಾತ್ರ ಅಷ್ಟಾಗಿ ನಡೆಯಲಿಲ್ಲ.

ಲೋಲಕವನ್ನು ಈಗಲೂ ಮನೆಯಲ್ಲೇ ಮಾಡಿಸುತ್ತೇನೆ. ದಾರ ಅಳೆದ ಫೋಟೋ ರೆಕಾರ್ಡಿನಲ್ಲಿ ಅಂಟಿಸಿರಬೇಕು. ಸರಿಯಾಗಿ 9.8 ಬಂದವರನ್ನಷ್ಟೇ ಕರೆದು ವಿಚಾರಿಸುತ್ತೇನೆ.