ರಿದಮ್ ಗೇಮ್‌ನಲ್ಲಿ ಎಡವುತ್ತಿರುವುದು ಕಣ್ಣೋ, ಬೆರಳೋ?

ಪ್ರಶ್ನೆ: ಹಾಡಿನ ತಾಳಕ್ಕೆ ಪರದೆಯಲ್ಲಿ ಇಳಿದು ಬರುವ ಗುರುತುಗಳಿಗೆ (ನೋಟು) ಸರಿಯಾಗಿ ಕೀ ಒತ್ತುವ ಓಸು ಮೇನಿಯಾ ಆಟವನ್ನು ನಾನು ನಾಲ್ಕು ಕೀಗಳಲ್ಲಿ ಆಡುತ್ತೇನೆ. ನಿಧಾನದ ಹಾಡುಗಳು ಆರಾಮಾಗಿ ಬರುತ್ತವೆ. ವೇಗ ಜಾಸ್ತಿಯಾದ ಕೂಡಲೇ ನೋಟುಗಳೆಲ್ಲ ಕಲಸಿಹೋದಂತೆ ಕಾಣುತ್ತವೆ, ಬೆರಳು ಬಿಗಿಯಾಗುತ್ತದೆ. ದಿನಾ ಆಡಿದರೂ ಮುಂದೆ ಹೋಗುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಒಂದು ಸಣ್ಣ ಲೆಕ್ಕ. 180 ಬಿಪಿಎಂ (ನಿಮಿಷಕ್ಕೆ 180 ಬೀಟ್) ಹಾಡಿನಲ್ಲಿ ಬೀಟ್‌ಗೆ ನಾಲ್ಕರಂತೆ ಸ್ಟ್ರೀಮ್, ಅಂದರೆ ಬಿಡುವಿಲ್ಲದ ನೋಟುಗಳ ಸರಣಿ, ಬಂದರೆ ಸೆಕೆಂಡಿಗೆ 12 ನೋಟು. ಕೇಳಿದರೆ ಭಯವಾಗುತ್ತದೆ, ಅಲ್ವಾ? ಆದರೆ ಅವು ನಾಲ್ಕೂ ಕಾಲಮ್‌ಗೆ (ಒಂದೊಂದು ಕೀಗೂ ನೋಟು ಇಳಿಯುವ ದಾರಿ) ಸಮನಾಗಿ ಹಂಚಿಕೊಂಡರೆ ಒಂದೊಂದು ಬೆರಳಿನ ಪಾಲಿಗೆ ಬರುವುದು ಸೆಕೆಂಡಿಗೆ ಮೂರೇ ಸಲ. ಮೇಜಿನ ಮೇಲೆ ಒಂದು ಬೆರಳಿನಿಂದ ಬಡಿದು ನೋಡಿ, ಅದಕ್ಕಿಂತ ಜೋರಾಗಿಯೇ ಓಡುತ್ತದೆ. ಹಾಗಾಗಿ ನಿಮಗೆ ಸಾಲದೆ ಇರುವುದು ವೇಗವಲ್ಲ. ಯಾವ ಬೆರಳು ಯಾವಾಗ ಅನ್ನುವ ಕ್ರಮ ತಪ್ಪುತ್ತಿದೆ.

ಅದು ಕಣ್ಣಿನಲ್ಲಿ ತಪ್ಪುತ್ತಿದೆಯೋ ಕೈಯಲ್ಲೋ ಅಂತ ಮೊದಲು ತಿಳಿಯಬೇಕು, ಯಾಕಂದ್ರೆ ಎರಡಕ್ಕೂ ಮದ್ದು ಬೇರೆ. ಕಷ್ಟವಾಗುವ ಮ್ಯಾಪ್‌ಗೆ (ಹಾಡಿನ ನೋಟುಗಳ ಜೋಡಣೆ) ಆಟವೇ ತಾನಾಗಿ ಆಡಿ ತೋರಿಸುವ ಆಟೊ ಮಾಡ್ ಹಾಕಿ, ಕೀಬೋರ್ಡ್ ಮುಟ್ಟದೆ ನೋಡಿ. ಬರುತ್ತಿರುವುದೇನು ಅಂತ ಬಾಯಿಬಿಟ್ಟು ಹೇಳಿ. ಒಂದು ಅಂಚಿನಿಂದ ಇನ್ನೊಂದಕ್ಕೆ ಸಾಲಾಗಿ ಬಂದರೆ ಮೆಟ್ಟಿಲು. ಎರಡು ಕಾಲಮ್ ನಡುವೆ ಅತ್ತಿತ್ತ ಹಾರಿದರೆ ಟ್ರಿಲ್. ಒಂದೇ ಕಾಲಮ್‌ನಲ್ಲಿ ಬೆನ್ನುಬೆನ್ನಿಗೆ ಬಂದರೆ ಜ್ಯಾಕ್. ಹೇಳಲು ಆಗದಿದ್ದರೆ ತೊಂದರೆ ಕಣ್ಣಿನದು.

ಕಣ್ಣಿನದಾದರೆ ಸ್ಕ್ರೋಲ್ ಸ್ಪೀಡ್ (ನೋಟು ಪರದೆಯಲ್ಲಿ ಇಳಿಯುವ ವೇಗ) ಇಳಿಸಬೇಡಿ, ಸ್ವಲ್ಪ ಏರಿಸಿ. ಇಳಿಸಿದರೆ ಸುಲಭ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ಆಗ ಪರದೆಯಲ್ಲಿ ಒಟ್ಟಿಗೆ ಹೆಚ್ಚು ನೋಟು ತುಂಬಿಕೊಳ್ಳುತ್ತವೆ, ನಡುವಿನ ಜಾಗ ಕುಗ್ಗುತ್ತದೆ. ಎಫ್4 ಒತ್ತಿ ಒಂದೊಂದೇ ಹೆಜ್ಜೆ ಮೇಲೇರಿ. ದೃಷ್ಟಿಯನ್ನು ಒತ್ತುವ ಗೆರೆಗಿಂತ ಒಂದಿಷ್ಟು ಮೇಲೆ ಇಡಿ. ಒಂದೇ ಹಾಡನ್ನು ಮತ್ತೆ ಮತ್ತೆ ಆಡಬೇಡಿ. ಹಾಗೆ ಆಡಿದರೆ ಆ ಹಾಡು ಬಾಯಿಪಾಠ ಆಗುತ್ತದೆ ಅಷ್ಟೇ, ಓದುವುದು ಬರುವುದಿಲ್ಲ. ನಿಮ್ಮ ಮಟ್ಟಕ್ಕಿಂತ ಸ್ವಲ್ಪ ಸುಲಭದ, ನೋಡಿಯೇ ಇರದ ಮ್ಯಾಪ್‌ಗಳನ್ನು ಆಡಿ. ತಪ್ಪಿದ ಕೂಡಲೇ ರೀಟ್ರೈ ಒತ್ತುವ ಅಭ್ಯಾಸವನ್ನಂತೂ ಇವತ್ತೇ ಬಿಡಿ. ಅದರಿಂದ ಪಳಗುವುದು ಹಾಡಿನ ಮೊದಲ ಅರ್ಧ ನಿಮಿಷ ಮಾತ್ರ.

ತಾಳ ಬದಲಾಗುವ ಕಡೆ ನಮ್ಮ ಕೊನ್ನಕೋಲ್ (ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕಲೆ) ತುಂಬಾ ಸಹಾಯ ಮಾಡುತ್ತದೆ. ಬೀಟ್‌ಗೆ ನಾಲ್ಕಿದ್ದರೆ ತಕಧಿಮಿ, ಮೂರಿದ್ದರೆ ತಕಿಟ. ಬೀಟ್‌ಗೆ ಸರಿಯಾಗಿ ಕೈಯಲ್ಲಿ ತಟ್ಟುತ್ತಾ, ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಬಾಯಲ್ಲಿ ಹೇಳಿ. ಬಾಯಲ್ಲಿ ನಿಂತದ್ದು ಬೆರಳಿಗೂ ಬೇಗ ಬರುತ್ತದೆ. ಸಂಗೀತ ಕಲಿಯದವರೂ ಇದನ್ನು ಧೈರ್ಯವಾಗಿ ಮಾಡಬಹುದು.

ಎಲ್ಲ ಕಾಣುತ್ತಿದೆ, ಆದರೂ ಕೈ ತಪ್ಪುತ್ತಿದೆ ಅಂದರೆ ನಿಧಾನ ಮಾಡಿ. ಹಾಡಿನ ವೇಗವನ್ನು ಮುಕ್ಕಾಲಿಗೆ ಇಳಿಸುವ ಹಾಫ್ ಟೈಮ್ ಮಾಡ್ ಹಾಕಿದರೆ 180 ಬಿಪಿಎಂ 135ಕ್ಕೆ ಇಳಿಯುತ್ತದೆ. ಕಷ್ಟವೆಲ್ಲ ಇರುವುದು ಒಂದೇ ಕೈಯ ಟ್ರಿಲ್‌ನಲ್ಲಿ, ಅಂದರೆ ಮಧ್ಯದ ಬೆರಳು ಮತ್ತು ತೋರುಬೆರಳು ಸರದಿಯಲ್ಲಿ ಒತ್ತಬೇಕಾದ ಕಡೆ. ಗಾಬರಿಯಾದಾಗ ಎರಡೂ ಒಟ್ಟಿಗೆ ಬೀಳುತ್ತವೆ. ಬೆರಳ ತುದಿ ಕೀ ಮೇಲೇ ಇರಲಿ, ಮೇಲಕ್ಕೆ ಎತ್ತಬೇಡಿ. ಒತ್ತಿದಷ್ಟೇ ಬೇಗ ಬಿಡುವುದನ್ನೂ ಕಲಿಯಿರಿ. ಮುಂಗೈ ಬಿಗಿದರೆ ನಿಲ್ಲಿಸಿ, ನೋವು ಬಂದರೆ ಅವತ್ತಿಗೆ ಆಟ ಸಾಕು.

ಆಟ ಮುಗಿದ ಮೇಲೆ ಅನ್‌ಸ್ಟೇಬಲ್ ರೇಟ್ (ಒತ್ತುವ ಸಮಯ ಎಷ್ಟು ಏರುಪೇರಾಗುತ್ತದೆ ಅನ್ನುವ ಅಳತೆ) ನೋಡಿ. ಅದು 100 ಇದ್ದರೆ ನಿಮ್ಮ ಒತ್ತುಗಳ ಏರಿಳಿತ ಸುಮಾರು 10 ಮಿಲಿಸೆಕೆಂಡ್ ಅಂತ ಅರ್ಥ. ಸ್ಕೋರಿಗಿಂತ ಈ ಸಂಖ್ಯೆಯನ್ನು ನಂಬಿ. ಇದು ಇಳಿಯುತ್ತಿದ್ದರೆ ಕೈ ಪಳಗುತ್ತಿದೆ.

ಇನ್ನೊಂದು ವಿಷಯ. ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಶಬ್ದ ತಡವಾಗಿ ಬರುತ್ತದೆ, ವೈರ್ ಇರುವುದನ್ನೇ ಬಳಸಿ. ಆಡುವಾಗ ಕಾಣುವ, ಒತ್ತಿದ್ದು ಬೇಗವೋ ತಡವೋ ಅಂತ ತೋರಿಸುವ ಎರರ್ ಬಾರ್‌ನಲ್ಲಿ ಗುರುತುಗಳೆಲ್ಲ ಒಂದೇ ಕಡೆಗೆ ವಾಲಿದ್ದರೆ ಆಫ್‌ಸೆಟ್ (ಹಾಡಿಗೂ ನೋಟಿಗೂ ನಡುವಿನ ಸಮಯದ ಹೊಂದಾಣಿಕೆ) ಸರಿಮಾಡಿದರೆ ಸಾಕು. ಎರಡೂ ಕಡೆ ಚೆಲ್ಲಾಡಿದ್ದರೆ ಹಾಫ್ ಟೈಮ್‌ಗೆ ವಾಪಸ್ ಹೋಗಿ.