ಖಾಲಿ ಕಟ್ಟೆಗೆ ವಯಸ್ಸು ಎಣಿಸುವ ಬಗೆ

ನೆರೆಯನ್ನು ತಡೆಯಲೆಂದು ನಗರದ ಮಗ್ಗುಲಲ್ಲಿ ಕಟ್ಟಿದ ಮಣ್ಣಿನ ಅಣೆಕಟ್ಟೆಯ ಸುರಕ್ಷತೆಯ ಮಾತು ಬಂದಾಗಲೆಲ್ಲ ಸಭೆಯಲ್ಲಿ ಯಾರಾದರೊಬ್ಬರು ಎದ್ದು ನಿಂತು, “ಅರವತ್ತು ವರ್ಷಗಳಿಂದ ಏನೂ ಆಗಿಲ್ಲವಲ್ಲ ಸಾರ್, ಈಗೇಕೆ ಹೆದರಿಸುತ್ತೀರಿ?” ಎಂದು ಕೇಳಿಯೇ ಕೇಳುತ್ತಾರೆ. ಕಟ್ಟೆಯ ಕೆಳಗೆ ಮನೆ ಕಟ್ಟಿಕೊಂಡವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಈ ಲೆಕ್ಕ ಮಾತ್ರ ಪೂರ್ತಿ ತಪ್ಪು.

ಇಂಥ ಕಟ್ಟೆ ವರ್ಷದ ಬಹುಪಾಲು ಒಣಗಿಯೇ ಇರುತ್ತದೆ. ಆದ್ದರಿಂದ ಅದು ಎಷ್ಟು ವರ್ಷ ನಿಂತಿದೆ ಎನ್ನುವುದಕ್ಕಿಂತ ಎಷ್ಟು ದಿನ, ಎಷ್ಟು ಎತ್ತರದ ನೀರನ್ನು ಹೊತ್ತಿದೆ ಎಂದು ಕೇಳಬೇಕು. ಹಿಂದಿನ ಅತಿ ಎತ್ತರದ ಮಟ್ಟಕ್ಕಿಂತ ಒಂದು ಅಡಿ ಮೇಲೆ ನೀರು ಬಂದರೂ ಆ ಒಂದು ಅಡಿಯ ಮಣ್ಣಿನ ಪಾಲಿಗೆ ಅದೇ ಮೊದಲ ಪರೀಕ್ಷೆ. ಅರವತ್ತು ಬೇಸಿಗೆಗಳಲ್ಲಿ ಒಣಗಿ ಬಿರುಕು ಬಿಟ್ಟ ಜೇಡಿಮಣ್ಣಾದರೆ ಆ ಪರೀಕ್ಷೆ ಇನ್ನೂ ಕಠಿಣ. ಅಮೆರಿಕದ ಹ್ಯೂಸ್ಟನ್ ನಗರದ ಪಶ್ಚಿಮಕ್ಕೆ 1940ರ ದಶಕದಲ್ಲಿ ಕಟ್ಟಿದ ಆಡಿಕ್ಸ್ ಮತ್ತು ಬಾರ್ಕರ್ ಕಟ್ಟೆಗಳಲ್ಲಿ 2017ರ ಹಾರ್ವೆ ಚಂಡಮಾರುತದ ಮಳೆಗೆ ನೀರು ಹಿಂದಿನ ಎಲ್ಲ ದಾಖಲೆಗಳನ್ನು ಮೀರಿ ಏರಿತು. ಕಟ್ಟೆಗಳು ಒಡೆಯಲಿಲ್ಲ ನಿಜ, ಆದರೆ ಅದಕ್ಕಿಂತ ಮೊದಲಿನ ಎಪ್ಪತ್ತು ವರ್ಷಗಳಲ್ಲಿ ಅವು ಅಷ್ಟು ನೀರನ್ನು ಹೊತ್ತಿರಲೇ ಇಲ್ಲ.

ನೀರು ಏರಿಯ ಮೇಲೆ ಉಕ್ಕಿ ಹರಿಯುವುದನ್ನು ಎಲ್ಲರೂ ಬಲ್ಲರು, ಒಳಗಿನಿಂದ ಮಣ್ಣು ಕರಗಿ ಹೋಗುವುದನ್ನು ಯಾರೂ ನೆನೆಯುವುದಿಲ್ಲ. ತೂಬಿನ ಕೊಳವೆಯ ಪಕ್ಕದ ಮಣ್ಣನ್ನು ಚೆನ್ನಾಗಿ ದಮ್ಮಸ್ಸು ಮಾಡುವುದು ಕಷ್ಟವಾದ್ದರಿಂದ ನೀರು ಅಲ್ಲೇ ದಾರಿ ಹುಡುಕುತ್ತದೆ. ಕೆಳಗಿನ ಬುಡದಲ್ಲಿ ಮೊದಲು ಒಂದೊಂದೇ ಕಣ ಹೊರಬೀಳುತ್ತದೆ. ಆ ಬಿಲ ಹಿಂದಕ್ಕೆ, ನೀರು ನಿಂತ ಕಡೆಗೆ ಬೆಳೆಯುತ್ತ ಹೋಗುತ್ತದೆ. ಅಮೆರಿಕದ ಐಡಹೊ ರಾಜ್ಯದ ಟೀಟನ್ ಅಣೆಕಟ್ಟೆ ನೆರೆಗಾಗಿ ಮಾತ್ರ ಕಟ್ಟಿದ್ದಲ್ಲ, ಆದರೂ ಇಂಥ ಬಿಲ ಬೆಳೆಯುವ ವೇಗವನ್ನು ತಿಳಿಯಲು ಅದನ್ನು ನೋಡಬೇಕು: 1976ರ ಜೂನ್ 5ರಂದು, ಮೊದಲ ಬಾರಿಗೆ ತುಂಬುತ್ತಿದ್ದಾಗಲೇ, ಬೆಳಿಗ್ಗೆ ಕಂಡ ಕೆಸರು ಬಣ್ಣದ ಸೋರಿಕೆ ಮಧ್ಯಾಹ್ನ 12 ಗಂಟೆಯೊಳಗೆ ಕಟ್ಟೆಯನ್ನೇ ಸೀಳಿತು.

ಜಿನುಗುವ ನೀರೆಲ್ಲ ಅಪಾಯವಲ್ಲ, ಮಣ್ಣಿನ ಕಟ್ಟೆ ಅಷ್ಟಿಷ್ಟು ಜಿನುಗಿಯೇ ಜಿನುಗುತ್ತದೆ. ನಾನು ಕಂಡ ಒಬ್ಬ ಹಿರಿಯ ಕಾವಲುಗಾರರು ನೀರೇರಿದಾಗ ಬುಡದ ಒಸರನ್ನು ಗಾಜಿನ ಬಾಟಲಿಗಳಲ್ಲಿ ಹಿಡಿದು, ಗಂಟೆ ಬರೆದು ಸಾಲಾಗಿ ಇಡುತ್ತಿದ್ದರು. ನಾಲ್ಕನೆಯ ಬಾಟಲಿಯ ತಳದಲ್ಲಿ ಬೆರಳಗಲದ ಹೂಳು ಕಂಡ ಕೂಡಲೇ ಫೋನ್ ಮಾಡಿದರು. ಆ ರಾತ್ರಿ ನಾವು ಒಸರಿನ ಮೇಲೆ ಮೊದಲು ಮರಳು, ಅದರ ಮೇಲೆ ಜಲ್ಲಿ ಹೊದಿಸಿ, ನೀರು ಹೋಗಲಿ ಮಣ್ಣು ಹೋಗದಿರಲಿ ಎಂದು ಬೆಳಗಾಗುವವರೆಗೆ ಕಾದೆವು. ಜೇಡಿಮಣ್ಣು ಮೆತ್ತಿ ಒಸರನ್ನು ಮುಚ್ಚಿಬಿಡೋಣ ಎಂದು ಬಂದವರನ್ನು ತಡೆಯುವುದೇ ದೊಡ್ಡ ಕೆಲಸವಾಯಿತು, ಏಕೆಂದರೆ ಮುಚ್ಚಿದ ನೀರು ಬೇರೆ ಕಡೆ ಒತ್ತಿ ಹೊರಬರುತ್ತದೆ.

ಮಣ್ಣಿನ ಪರೀಕ್ಷೆಯ ವರದಿ ನೋಡದೆ ಯಾವ ಕಟ್ಟೆಯ ಬಗ್ಗೆಯೂ ನಾನು ತೀರ್ಪು ಹೇಳಲಾರೆ. ಆದರೆ ಬುಡದ ಇಳಿಜಾರಿನಲ್ಲಿ ನೆರಳಿಗೆಂದು ಗಿಡ ನೆಟ್ಟವರಲ್ಲಿ ಒಂದು ವಿನಂತಿ: ಸತ್ತ ಬೇರು ಕೊಳೆತ ಜಾಗ ನೀರಿಗೆ ದಾರಿಯಾಗುತ್ತದೆ, ಪೊದೆಯ ಮರೆಯಲ್ಲಿ ಒಸರು ಕಾಣಿಸುವುದಿಲ್ಲ. ಅಲ್ಲಿ ಗಿಡ್ಡ ಹುಲ್ಲು ಮಾತ್ರ ಇರಲಿ, ನೀರೇರಿದ ರಾತ್ರಿ ಟಾರ್ಚ್ ಹಿಡಿದು ನಡೆಯುವವರಿಗೆ ನೆಲ ಕಾಣಬೇಕು.