ತರಗತಿ ನಿರ್ವಹಣೆ: ಗಲಾಟೆ ಶುರುವಾಗುವ ಮೊದಲಿನ ಕೆಲಸ

"ಆ ಮೇಡಂದು ಕ್ಲಾಸ್ ಕಂಟ್ರೋಲ್ ಚೆನ್ನಾಗಿದೆ" ಎಂದು ಶಾಲೆಗಳಲ್ಲಿ ಹೊಗಳುವಾಗ ಹೇಳುವವರ ಮನಸ್ಸಿನಲ್ಲಿರುವುದು ಸದ್ದಿಲ್ಲದ ಕೊಠಡಿ. ಮಕ್ಕಳು ಕೈಕಟ್ಟಿ ಬಾಯಿಮುಚ್ಚಿ ಕೂತಿರಬೇಕು. ಮೇಡಂ ಆಫೀಸ್ ರೂಮಿಗೆ ಹೋದರೆ ಮಾನಿಟರ್ ಎದ್ದು, ಮಾತಾಡಿದವರ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆಯಬೇಕು. ಶಿಕ್ಷಣಶಾಸ್ತ್ರದಲ್ಲಿ ತರಗತಿ ನಿರ್ವಹಣೆ ಎಂದರೆ ಇದಕ್ಕಿಂತ ಬಹಳ ದೊಡ್ಡದು. ಮಕ್ಕಳನ್ನು ಕೂರಿಸುವ ರೀತಿ, ದಿನಚರಿ, ನಿಯಮಗಳು, ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ಸಾಗುವ ಬಗೆ, ಶಿಕ್ಷಕರು ನಿಲ್ಲುವ ಜಾಗ, ಆಡುವ ಮಾತು ಎಲ್ಲವೂ ಅದರಲ್ಲಿ ಸೇರುತ್ತವೆ. ಪ್ರತಿ ಮಗುವೂ ಕಲಿಕೆಯಲ್ಲಿ ತೊಡಗಿರುವಂತೆ ಮಾಡುವುದೇ ಇದರ ಉದ್ದೇಶ. ತಪ್ಪು ಮಾಡಿದವರನ್ನು ತಿದ್ದುವುದು ಅದರ ಒಂದು ಸಣ್ಣ ಭಾಗ.

ಈ ಮಾತಿಗೆ ಗಟ್ಟಿ ಆಧಾರ ಕೊಟ್ಟವರು ಅಮೆರಿಕದ ಮನೋವಿಜ್ಞಾನಿ ಜೇಕಬ್ ಕೌನಿನ್. ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಅವರು ಒಂದು ಮತ್ತು ಎರಡನೇ ತರಗತಿಯ ಪಾಠಗಳನ್ನು ವಿಡಿಯೊದಲ್ಲಿ ದಾಖಲಿಸಿ, ಮಕ್ಕಳು ಕೆಲಸದಲ್ಲಿ ಮುಳುಗಿರುವ ತರಗತಿಗೂ ಗಲಾಟೆಯ ತರಗತಿಗೂ ವ್ಯತ್ಯಾಸ ಎಲ್ಲಿದೆ ಎಂದು ಹುಡುಕಿದರು. ಶಿಕ್ಷಕರು ಗದರುವ ರೀತಿಯಲ್ಲಿ ಅದು ಸಿಗಲಿಲ್ಲ. ಗಲಾಟೆ ಹುಟ್ಟುವ ಮೊದಲು ಅವರು ಏನು ಮಾಡುತ್ತಿದ್ದರು ಎಂಬುದರಲ್ಲಿ ಸಿಕ್ಕಿತು. 1970ರಲ್ಲಿ ಬಂದ ಅವರ ಪುಸ್ತಕದ ತಿರುಳು ಇದೇ.

ಕೌನಿನ್ ಗುರುತಿಸಿದ ಗುಣಗಳಲ್ಲಿ ಮೊದಲನೆಯದು ವಿತ್‌ಇಟ್‌ನೆಸ್. ಕೊಠಡಿಯ ಯಾವ ಮೂಲೆಯಲ್ಲಿ ಏನು ನಡೆಯುತ್ತಿದೆ ಎಂದು ಶಿಕ್ಷಕರಿಗೆ ಗೊತ್ತಿರಬೇಕು, ಗೊತ್ತಿದೆ ಎಂಬುದು ಮಕ್ಕಳಿಗೂ ತಿಳಿದಿರಬೇಕು. ಇದು ಕೈಕೊಡುವುದು ಎರಡು ಕಡೆ. ಒಂದು, ಬೇರೆ ಮಗುವನ್ನು ಹಿಡಿಯುವುದು. ಪೆನ್ಸಿಲ್ ಕಿತ್ತುಕೊಂಡ ಹುಡುಗ ತಲೆತಗ್ಗಿಸಿ ಬರೆಯುತ್ತಿರುತ್ತಾನೆ, "ಕೊಡೋ" ಎಂದು ಕೂಗಿದವನಿಗೆ ಬೈಗುಳ ಬೀಳುತ್ತದೆ. ಇನ್ನೊಂದು, ತಡವಾಗಿ ಹಿಡಿಯುವುದು. ಇಬ್ಬರ ಪಿಸುಮಾತು ಇಡೀ ಬೆಂಚಿಗೆ ಹಬ್ಬಿದ ಮೇಲೆ ಕೂಗಿದರೆ ಪಾಠವೂ ನಿಲ್ಲುತ್ತದೆ. ಪಿಸುಮಾತಿನ ಹಂತದಲ್ಲೇ ಪಾಠ ನಿಲ್ಲಿಸದೆ ಆ ಬೆಂಚಿನ ಪಕ್ಕ ಹೋಗಿ ನಿಂತಿದ್ದರೆ ಸಾಕಿತ್ತು. ಹೀಗೆ ಎರಡು ಕೆಲಸ ಒಟ್ಟಿಗೆ ನಿಭಾಯಿಸುವುದನ್ನು ಕೌನಿನ್ ಓವರ್‌ಲ್ಯಾಪಿಂಗ್ ಎಂದು ಕರೆದರು.

ನನ್ನ ಪ್ರಕಾರ ನಮ್ಮ ತರಗತಿಗಳಲ್ಲಿ ಹೆಚ್ಚು ಸಮಯ ಸೋರಿಹೋಗುವುದು ಒಂದು ಪಾಠ ಮುಗಿದು ಇನ್ನೊಂದು ಶುರುವಾಗುವ ನಡುವೆ. "ಕನ್ನಡ ಪುಸ್ತಕ ಒಳಗಿಡಿ, ಗಣಿತದ ನೋಟ್‌ಬುಕ್ ತೆಗೀರಿ" ಎನ್ನುತ್ತಾರೆ. ಮಕ್ಕಳು ಚೀಲಕ್ಕೆ ಕೈ ಹಾಕಿರುವಾಗಲೇ, "ನಿನ್ನೆ ಕಾಪಿ ಬರೀದೆ ಬಂದವರು ಯಾರು? ಎದ್ದು ನಿಲ್ಲಿ." ನಾಲ್ವರು ನಿಲ್ಲುತ್ತಾರೆ. ಉಳಿದವರು ಅವರನ್ನು ನೋಡುತ್ತಾ ಪುಸ್ತಕವನ್ನು ಅರ್ಧ ಒಳಗೆ, ಅರ್ಧ ಹೊರಗೆ ಹಿಡಿದು ಕೂರುತ್ತಾರೆ. ಬಾಗಿಲಲ್ಲಿ ಬಿಸಿಯೂಟದ ಲೆಕ್ಕ ಕೇಳಲು ಒಬ್ಬರು ಬರುತ್ತಾರೆ, ತಲೆ ಎಣಿಕೆಯಾಗುತ್ತದೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಸ್ಕೇಲಿನ ಕತ್ತಿವರಸೆ. ಆ ಹುಡುಗರನ್ನು ತುಂಟರು ಎನ್ನುವುದು ಸುಲಭ, ಆದರೆ ಆ ಹೊತ್ತಿನಲ್ಲಿ ಅವರ ಕೈಗೆ ಬೇರೆ ಕೆಲಸವೇ ಇರಲಿಲ್ಲ. ಬೋರ್ಡಿನ ಮೇಲೆ ಮೊದಲೇ ಒಂದು ಲೆಕ್ಕ ಬರೆದಿಟ್ಟು, "ತೆಗೆದವರು ಇದನ್ನು ಮಾಡ್ತಾ ಇರಿ" ಎಂದಿದ್ದರೆ ಸ್ಕೇಲು ಗೆರೆ ಎಳೆಯುವುದಕ್ಕೇ ಬಳಕೆಯಾಗುತ್ತಿತ್ತು.

ಗದರಲೇಬಾರದೇ? ಅದಕ್ಕೂ ಉತ್ತರವಿದೆ. ಕೌನಿನ್ ಮತ್ತು ಸಂಶೋಧಕ ಪಾಲ್ ಗಂಪ್ ಕಿಂಡರ್‌ಗಾರ್ಟನ್ ಮಕ್ಕಳಲ್ಲಿ ನಡೆಸಿದ ಅಧ್ಯಯನ 1958ರಲ್ಲೇ ಪ್ರಕಟವಾಗಿತ್ತು. ಒಂದು ಮಗುವಿಗೆ ಹೇಳಿದ ಮಾತು ಸುತ್ತಲಿನ ಮಕ್ಕಳ ಮೇಲೆ ಏನು ಮಾಡುತ್ತದೆ ಎಂದು ಅವರು ನೋಡಿದರು, ಅದಕ್ಕೆ ರಿಪಲ್ ಎಫೆಕ್ಟ್ ಎಂದು ಹೆಸರಿಟ್ಟರು. ಏನು ಮಾಡಬೇಕೆಂದು ಸ್ಪಷ್ಟವಾಗಿ ಹೇಳಿದಾಗ ನೋಡುತ್ತಿದ್ದ ಮಕ್ಕಳೂ ಸರಿಯಾಗಿ ನಡೆದುಕೊಂಡರು. ಒರಟಾಗಿ ಗದರಿದಾಗ ತಪ್ಪೇ ಮಾಡದ ಮಕ್ಕಳು ಕೂಡ ಕಂಗಾಲಾಗಿ ಕೆಲಸ ಬಿಟ್ಟರು. "ಏಯ್, ಏನದು?" ಎನ್ನುವುದಕ್ಕೂ "ಬಣ್ಣದ ಡಬ್ಬಿ ಮುಚ್ಚಿ ಮಧ್ಯದಲ್ಲಿಡು, ಇಬ್ಬರೂ ತಗೊಳ್ಳಿ" ಎನ್ನುವುದಕ್ಕೂ ಅಷ್ಟು ಅಂತರ. ಬೆತ್ತ, ಬಸ್ಕಿಗಳ ಪ್ರಶ್ನೆಯೇ ಬರುವುದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ.

"ಒಬ್ಬರೇ ಮೂರು ತರಗತಿ ನೋಡಬೇಕು, ಇದೆಲ್ಲ ಎಲ್ಲಿ ಸಾಧ್ಯ?" ಎಂಬುದು ಶಿಕ್ಷಕರ ನ್ಯಾಯವಾದ ಮಾತು. ಒಂದರಿಂದ ಐದನೇ ತರಗತಿವರೆಗೆ ಒಟ್ಟು 60 ಮಕ್ಕಳಿಗೆ ಇಬ್ಬರು ಶಿಕ್ಷಕರು ಎಂಬುದು ಅದೇ ಕಾಯ್ದೆಯ ಲೆಕ್ಕ. ಅದಕ್ಕೆ ನಮ್ಮಲ್ಲೇ ಹುಟ್ಟಿದ ಒಂದು ಉತ್ತರವಿದೆ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ 1995ರಲ್ಲಿ ಆರಂಭಿಸಿದ ನಲಿ-ಕಲಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ತಟ್ಟೆಗಳೆಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ಸಹಾಯ, ಒಂದಕ್ಕೆ ಭಾಗಶಃ, ಕೆಲವಕ್ಕೆ ಗೆಳೆಯರ ಸಹಾಯ, ಕೊನೆಯದು ಸ್ವಕಲಿಕೆ. ಕಲಿಕೆಯ ಹಂತಗಳನ್ನು ಚಿತ್ರಗಳಲ್ಲಿ ತೋರಿಸುವ ಗೋಡೆಯ ಕಲಿಕಾ ಏಣಿಯಲ್ಲಿ ಮಗು ತಾನು ಎಲ್ಲಿದ್ದೇನೆಂದು ನೋಡಿ, ಅಲ್ಲಿರುವ ಚಿತ್ರವೇ ಇರುವ ಚಟುವಟಿಕೆಯ ಕಾರ್ಡನ್ನು ತಾನೇ ಹುಡುಕಿ ತರುತ್ತದೆ. ಎದ್ದು ಓಡಾಡುವುದು ಇಲ್ಲಿ ತಪ್ಪಲ್ಲ, ಅದೇ ಪಾಠದ ಭಾಗ. ಈ ಕೊಠಡಿ ಯಾವತ್ತೂ ನಿಶ್ಶಬ್ದವಾಗಿರುವುದಿಲ್ಲ, ಇರಲೂಬಾರದು. ಕಾರ್ಡುಗಳು ಹರಿದು ಕಳೆದುಹೋಗಿ, ಎಲ್ಲ ತಟ್ಟೆಯವರೂ ಶಿಕ್ಷಕರನ್ನೇ ಕಾಯುತ್ತಾ ಕೂತರೆ ಮಾತ್ರ ನಲಿ-ಕಲಿಯಲ್ಲೂ ಗಲಾಟೆ ಏಳುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದೆರಡು ಮಕ್ಕಳು ದಿನವೂ ಚಡಪಡಿಸುತ್ತಾರೆ. ತರಗತಿ ನಿರ್ವಹಣೆಯ ವ್ಯಾಪ್ತಿ ಅಲ್ಲಿಗೆ ಮುಗಿಯುತ್ತದೆ. ಬೋರ್ಡ್ ಕಾಣದ, ಸರಿಯಾಗಿ ಕೇಳಿಸದ, ತಿಂಡಿ ತಿನ್ನದೆ ಬಂದ ಮಗು ಕೂಡ ಹೊರಗಿನಿಂದ ತುಂಟ ಮಗುವಿನಂತೆಯೇ ಕಾಣುತ್ತದೆ. ಯಾವ ಪೀರಿಯಡ್‌ನಲ್ಲಿ, ಊಟಕ್ಕೆ ಮೊದಲೋ ಆಮೇಲೋ, ಯಾರ ಪಕ್ಕ ಕೂತಾಗ ಎಂದು ಒಂದು ವಾರ ಬರೆದಿಟ್ಟುಕೊಂಡು ಮನೆಯವರನ್ನು ಕರೆದು ಮಾತಾಡಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗೆ ತಪಾಸಣೆಗೆ ಬಂದ ದಿನ ಆ ಟಿಪ್ಪಣಿಯನ್ನು ವೈದ್ಯರ ಕೈಗೆ ಕೊಟ್ಟು, ಕಣ್ಣು, ಕಿವಿ ಪರೀಕ್ಷೆಗೆ ಆ ಮಗುವನ್ನು ಮೊದಲು ಕಳಿಸಬೇಕು.